ಹೊಡೆದವರಿಗಾಗಿ ಪ್ರಾರ್ಥಿಸಲು ಬಾಯಿ ಬರದಿದ್ದರೆ

ಪ್ರಾರ್ಥನಾ ಕೂಟಕ್ಕೆ ನುಗ್ಗಿ ನಿಮ್ಮನ್ನು ಹೊಡೆದವರಿಗಾಗಿ ಪ್ರಾರ್ಥಿಸಲು ಆಗುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ಬಹುಶಃ ನೀವು ಸಿಟ್ಟನ್ನು ದೇವರಿಗೆ ಹೇಳದೆ ನೇರ ಅವರನ್ನು ಆಶೀರ್ವದಿಸಲು ಹೋಗುತ್ತಿದ್ದೀರಿ, ಅದಕ್ಕೇ ಅವರ ಹೆಸರೆತ್ತಿದ ಕೂಡಲೇ ಗಂಟಲು ಕಟ್ಟುತ್ತಿದೆ, ಎಲ್ಲಾ ಸುಳ್ಳು ಅನ್ನಿಸುತ್ತಿದೆ. ನನಗೂ ಹೀಗೇ ಆಗಿತ್ತು.

ಮೊದಲು ಬೈಬಲಿನ ಕೀರ್ತನೆ 10 ಜೋರಾಗಿ ಓದಿ. ಯಾಕೆ ದೂರ ನಿಂತಿದ್ದೀಯ ಅಂತ ದೇವರನ್ನೇ ಕೇಳುವ ಪ್ರಾರ್ಥನೆ ಅದು. ಕೀರ್ತನೆ 109 ಇನ್ನೂ ಖಾರ. ಅಳು ಬಂದರೆ ಅಳಿ. ಆಮೇಲೆ ಒಬ್ಬನ ಹೆಸರು ಮಾತ್ರ ತೆಗೆದುಕೊಂಡು, ನಿಜವಾಗಿ ಕೇಳಲು ಆಗುವಷ್ಟೇ ಕೇಳಿ: ಅವನ ಮಕ್ಕಳು ಈ ದ್ವೇಷ ಕಲಿಯದಿರಲಿ, ಅವನು ಇನ್ನೊಬ್ಬರಿಗೆ ಹೊಡೆಯದಿರಲಿ. ಹಿಂಸಿಸುವವರಿಗಾಗಿ ಪ್ರಾರ್ಥಿಸಿ ಅನ್ನುವ ಯೇಸುವಿನ ಮಾತಿಗೆ (ಮತ್ತಾಯ 5:44) ಅಷ್ಟು ಸಾಕು ಅಂತ ನನ್ನ ನಂಬಿಕೆ. ಪ್ರೀತಿ ಉಕ್ಕಿ ಬರಲೇಬೇಕು ಅಂತೇನಿಲ್ಲ. ಮನಸ್ಸು ಯಾವಾಗ ಹಗುರಾಗುತ್ತದೋ ಹೇಳಲಾರೆ.

ಪೊಲೀಸರಿಗೆ ದೂರು ಕೊಟ್ಟರೂ ಕ್ಷಮಿಸಿದಂತಾಗುತ್ತದಾ ಅಂತಲೂ ಕೇಳಿದ್ದೀರಿ. ಎರಡೂ ಒಟ್ಟಿಗೆ ಇರಬಹುದು. ಬೈಬಲಿನಲ್ಲಿ, ಫಿಲಿಪ್ಪಿ ಪಟ್ಟಣದಲ್ಲಿ ಛಡಿ ಏಟು ತಿಂದು ಸೆರೆಮನೆ ಸೇರಿದ ಅಪೊಸ್ತಲ ಪೌಲ ಅದೇ ರಾತ್ರಿ ಸೆರೆಮನೆ ಕಾವಲುಗಾರನ ಜೀವ ಉಳಿಸಿದ, ಬೆಳಗಾದ ಮೇಲೆ ಅಧಿಕಾರಿಗಳೇ ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ ಅಂತ ಪಟ್ಟು ಹಿಡಿದ. 1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನು ವಾಹನದೊಳಗೇ ಸುಟ್ಟರಲ್ವಾ, ಅವರ ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದರು, ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆಯನ್ನೂ ಮುಂದುವರಿಸಿದರು. ಕೇಸು ತನ್ನ ಪಾಡಿಗೆ ನಡೆದು ಶಿಕ್ಷೆಯೂ ಆಯಿತು.

ಹಾಗಾಗಿ ಗಾಯದ ಫೋಟೋ, ಆಸ್ಪತ್ರೆ ಚೀಟಿ ಜೋಪಾನ ಮಾಡಿ. ಒಬ್ಬರೇ ಠಾಣೆಗೆ ಹೋಗಬೇಡಿ, ವಕೀಲರನ್ನೋ ಸಭೆಯ ಹಿರಿಯರನ್ನೋ ಜೊತೆಗೆ ಕರೆದುಕೊಳ್ಳಿ. ಎಫ್‌ಐಆರ್ ಪ್ರತಿ ನಿಮಗೆ ಪುಕ್ಕಟೆ ಕೊಡಬೇಕು, ಕೇಳಿ ತೆಗೆದುಕೊಳ್ಳಿ.