ಓದುಗರ ಪ್ರಶ್ನೆ: ವ್ಯಾಯಾಮವೆಂದರೆ ಆಗದು, ತೂಕ ಇಳಿಸುವ ಮನಸ್ಸು ಎಲ್ಲಿಂದ ತರಲಿ?

ಪ್ರಶ್ನೆ: ನನಗೆ 41 ವರ್ಷ. ಎತ್ತರ 160 ಸೆಂಟಿಮೀಟರ್, ತೂಕ 84 ಕಿಲೊ. ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲೇ ಕಳೆಯುತ್ತದೆ. ರಕ್ತದಲ್ಲಿ ಸಕ್ಕರೆ ಮಧುಮೇಹದ ಗಡಿಗೆ ಬಂದಿದೆ, ತೂಕ ಇಳಿಸಿ ಎಂದು ವೈದ್ಯರು ಹೇಳಿ ಎಂಟು ತಿಂಗಳಾಯಿತು. ಮೂರು ಸಲ ಜಿಮ್ ಸೇರಿದೆ, ಮೂರು ಸಲವೂ ಬಿಟ್ಟೆ. ಅತಿ ಹೆಚ್ಚು ಹೋದದ್ದು 19 ದಿನ. ಏದುಸಿರು, ಬೆವರು, ಸುತ್ತಲೂ ಕನ್ನಡಿ, ಯಾವುದೂ ನನಗೆ ಹಿಡಿಸುವುದಿಲ್ಲ. ‘ಮನಸ್ಸಿದ್ದರೆ ಮಾರ್ಗ’ ಎನ್ನುತ್ತಾರೆ ಮನೆಯವರೆಲ್ಲ. ಆ ಮನಸ್ಸೇ ಬರುತ್ತಿಲ್ಲವಲ್ಲ, ಅದನ್ನು ಎಲ್ಲಿಂದ ತರಲಿ? ನಾನು ನಿಜಕ್ಕೂ ಸೋಮಾರಿಯೇ?
– ಹೆಸರು ಬೇಡ

ಉತ್ತರ: ಸೋಮಾರಿಗಳು ಮೂರನೆಯ ಸಲ ಜಿಮ್ ಬಾಗಿಲು ತಟ್ಟುವುದಿಲ್ಲ. ಎರಡು ಸಲ ಸೋತ ಮೇಲೂ ಮತ್ತೆ ಹೋದಿರಲ್ಲ, ಆ ಹಟವನ್ನು ನಿಮ್ಮ ಮನೆಯವರು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ನಾನು ಫಿಸಿಯೋಥೆರಪಿಸ್ಟ್ ಆಗಿ 26 ವರ್ಷ ಕಳೆದಿದ್ದೇನೆ. ವ್ಯಾಯಾಮ ಹೇಳಿಕೊಡುವುದೇ ನನ್ನ ಹೊಟ್ಟೆಪಾಡು. ಆದರೂ ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ಶಾಲೆಯ ಮೈದಾನ. ಆಟದ ಅವಧಿ ಇರುವ ದಿನದ ಹಿಂದಿನ ರಾತ್ರಿಯೇ ಹೊಟ್ಟೆ ಹಿಂಡುತ್ತಿತ್ತು. ಎರಡನೆಯ ಸುತ್ತಿಗೆ ಪಕ್ಕೆಯಲ್ಲಿ ಚಳುಕು, ಬಾಯಲ್ಲಿ ಕಬ್ಬಿಣದ ರುಚಿ. ನಿಂತರೆ ಸೀಟಿ ಊದುತ್ತಿದ್ದರು, ಇನ್ನೊಂದು ಸುತ್ತು ಹೆಚ್ಚು ಓಡಿಸುತ್ತಿದ್ದರು. ಓಟವನ್ನು ಶಿಕ್ಷೆಯಾಗಿ ಕಲಿತ ನಾನು ಮೂವತ್ತು ದಾಟುವವರೆಗೂ ಅದರ ಹತ್ತಿರ ಸುಳಿಯಲಿಲ್ಲ. ನನಗೇ ಹಾಗಾದ ಮೇಲೆ, ನಿಮ್ಮ ಮೇಲೆ ಸೋಮಾರಿ ಎಂಬ ಮಾತನ್ನು ನಾನು ಹೇಗೆ ಹೊರಿಸಲಿ?

ನಿಮಗೆ ಹಿಡಿಸದಿರುವುದಕ್ಕೆ ದೇಹದಲ್ಲೇ ಕಾರಣವಿದೆ. ವೇಗ ಏರುತ್ತಾ ಹೋದಂತೆ ಒಂದು ಹಂತ ಬರುತ್ತದೆ. ಅಲ್ಲಿಂದ ಮುಂದೆ ಉಸಿರು ತನ್ನ ಲಯ ಕಳೆದುಕೊಂಡು ಧಾವಂತಕ್ಕೆ ಬೀಳುತ್ತದೆ. ವ್ಯಾಯಾಮದ ಹೊತ್ತಿನಲ್ಲಿ ಮನಸ್ಸಿಗೆ ಹೇಗನ್ನಿಸುತ್ತದೆ ಎಂಬುದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿರುವ ಪ್ಯಾಂಟೆಲೀಮನ್ ಎಕ್ಕೆಕಾಕಿಸ್ ಅವರ ಸಂಶೋಧನೆ ಹೇಳುವುದು ಇದನ್ನೇ: ಆ ಹಂತದ ಕೆಳಗೆ ಹೆಚ್ಚಿನವರಿಗೆ ಹಿತವಾಗಿರುತ್ತದೆ, ಅದನ್ನು ಮೀರಿದ ಮೇಲೆ ಬಹುತೇಕ ಎಲ್ಲರಿಗೂ ಹಿಂಸೆಯಾಗುತ್ತದೆ. ಅಭ್ಯಾಸವಿಲ್ಲದ, ಮೈಭಾರವಿರುವ ದೇಹಕ್ಕೆ ಆ ಹಂತ ಬಹಳ ಬೇಗ ಬರುತ್ತದೆ. ಪಕ್ಕದ ಯಂತ್ರದ ಮೇಲಿನವರಿಗೆ ಆರಾಮದ ನಡಿಗೆಯಾದದ್ದು ನಿಮಗೆ ಬೆಟ್ಟ ಹತ್ತಿದಂತೆ. ತರಬೇತುದಾರರು ಇಬ್ಬರಿಗೂ ಒಂದೇ ವೇಗ ಇಟ್ಟರು, ನಿಮ್ಮ ದೇಹ ಬೇಡ ಎಂದಿತು. ಅದರ ಮಾತನ್ನು ನೀವು ಕೇಳಿದಿರಿ, ಅಷ್ಟೇ.

ಹಾಗಾಗಿ ಮೊದಲ ಕೆಲಸ ವೇಗ ಇಳಿಸುವುದು. ನಡೆಯುವಾಗ ಒಂದು ಪೂರ್ತಿ ವಾಕ್ಯವನ್ನು ನಡುವೆ ಉಸಿರು ಕಡಿಯದೆ ಹೇಳಲು ಆಗಬೇಕು. ಆಗುತ್ತಿಲ್ಲವೆಂದರೆ ಆ ದಿನಕ್ಕೆ ಅದು ಹೆಚ್ಚಾಯಿತು, ನಿಧಾನಿಸಿ. ಮಧ್ಯಾಹ್ನದ ಊಟವಾದ ಮೇಲೆ ಹತ್ತು ನಿಮಿಷ, ರಾತ್ರಿಯ ಊಟದ ನಂತರ ಹತ್ತು ನಿಮಿಷ ಸಾಕು. ಊಟದ ಹೊತ್ತನ್ನೇ ಏಕೆ ಹೇಳುತ್ತಿದ್ದೇನೆ ಎಂದರೆ, ಉಂಡ ಮೇಲೆ ರಕ್ತಕ್ಕೆ ಬರುವ ಸಕ್ಕರೆಯನ್ನು ಕಾಲಿನ ಸ್ನಾಯುಗಳು ದುಡಿಯುತ್ತಲೇ ಎಳೆದುಕೊಳ್ಳುತ್ತವೆ. ಗಡಿಯಲ್ಲಿರುವ ನಿಮಗೆ ಬೇಕಾಗಿರುವುದು ಅದೇ. ಮೊದಲು ಕನಿಷ್ಠ ಅರ್ಧ ಗಂಟೆ ನಡೆದರಷ್ಟೇ ಲಾಭ ಎನ್ನುತ್ತಿದ್ದವರೂ ಇದ್ದರು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷ ಎನ್ನುತ್ತದೆ, ಆದರೆ ಒಂದೇ ಸಲಕ್ಕೆ ಕನಿಷ್ಠ ಇಷ್ಟು ಎಂಬ ಷರತ್ತು ಹಾಕುವುದಿಲ್ಲ. ಎರಡು ನಿಮಿಷ ಮೆಟ್ಟಿಲು ಹತ್ತಿದ್ದೂ ಲೆಕ್ಕಕ್ಕೆ ಬರುತ್ತದೆ.

ಇನ್ನು ಮನಸ್ಸಿನ ವಿಷಯ. ‘ಮನಸ್ಸಿದ್ದರೆ ಮಾರ್ಗ’ ಎಂಬ ಗಾದೆ ಈ ವಿಷಯದಲ್ಲಿ ಕೈಕೊಡುತ್ತದೆ ಎಂಬುದು ನನ್ನ ಅನುಭವ. 2002ರಲ್ಲಿ ಬ್ರಿಟನ್ನಿನ ಸಂಶೋಧಕರು ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಏನನ್ನೂ ಬೋಧಿಸಲಿಲ್ಲ. ಅವರಲ್ಲಿ 38 ಶೇಕಡಾ ಮಂದಿ ಮುಂದಿನ ವಾರ ಒಂದು ಸಲವಾದರೂ ವ್ಯಾಯಾಮ ಮಾಡಿದರು. ಎರಡನೆಯ ಗುಂಪಿಗೆ ಹೃದ್ರೋಗದ ಅಪಾಯ, ವ್ಯಾಯಾಮದ ಲಾಭ ಎಲ್ಲವನ್ನೂ ಮನಮುಟ್ಟುವಂತೆ ಓದಿಸಿದರು. ಅವರಲ್ಲಿ ಮಾಡಿದವರು 35 ಶೇಕಡಾ. ಅಂದರೆ ಉಪದೇಶದಿಂದ ಏನೂ ಆಗಲಿಲ್ಲ. ಮೂರನೆಯ ಗುಂಪಿನವರಿಗೆ ಅದೇ ಓದಿನ ಜೊತೆಗೆ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಎಂಬುದನ್ನು ಒಂದು ಹಾಳೆಯ ಮೇಲೆ ಬರೆಯಲು ಹೇಳಿದರು. ಅವರಲ್ಲಿ 91 ಶೇಕಡಾ ಮಂದಿ ಮಾಡಿದರು. ಈ ಅಂಕಿಗಳನ್ನು ಮೊದಲ ಸಲ ಓದಿದ ದಿನದಿಂದ ನಾನು ನನ್ನ ರೋಗಿಗಳಿಗೆ ವ್ಯಾಯಾಮದ ಮಹಿಮೆ ಹೇಳುವುದನ್ನು ಬಿಟ್ಟಿದ್ದೇನೆ. ಒಂದು ಚೀಟಿ, ಒಂದು ಪೆನ್ನು ಮುಂದಿಡುತ್ತೇನೆ. ‘ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಚಪ್ಪಲಿ ಬದಲಿಸಿ ಹೊರಗೆ ಹೋಗುತ್ತೇನೆ’ ಎನ್ನುವಷ್ಟು ಖಚಿತವಾಗಿ ನೀವೂ ಬರೆಯಿರಿ.

ಮೊದಮೊದಲು ಹೊರಡುವಾಗ ಬೇಸರವಾಗಿಯೇ ಇರುತ್ತದೆ, ಅದಕ್ಕೆ ಹೆದರಬೇಡಿ. ನನ್ನ ಬಳಿ ಮಂಡಿನೋವಿಗೆ ಬರುತ್ತಿದ್ದ ಒಬ್ಬ ಮಹಿಳೆ ನಡಿಗೆ ಎಂದರೆ ಮುಖ ಗಂಟಿಕ್ಕುತ್ತಿದ್ದರು. ಕಾದಂಬರಿ ಕೇಳುವ ಗೀಳು ಮಾತ್ರ ವಿಪರೀತ. ನಡೆಯುವಾಗ ಬಿಟ್ಟು ಬೇರೆ ಹೊತ್ತಿನಲ್ಲಿ ಕಥೆ ಕೇಳುವುದಿಲ್ಲ ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡೆವು. (ಕ್ಯಾಥರೀನ್ ಮಿಲ್ಕ್‌ಮನ್ ಎಂಬ ಸಂಶೋಧಕಿ ಇದೇ ಉಪಾಯವನ್ನು ಜಿಮ್‌ಗೆ ಹೋಗುವವರ ಮೇಲೆ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ್ದಾರೆ. ಆರಂಭದಲ್ಲಿ ಜನ ಹೆಚ್ಚು ಸಲ ಬಂದರು, ನಡುವೆ ದೀರ್ಘ ರಜೆ ಬಂದಾಗ ಆ ಹುರುಪು ಇಳಿಯಿತು. ಆದ್ದರಿಂದ ರಜೆಯ ನಂತರ ಒಪ್ಪಂದವನ್ನು ಹೊಸದಾಗಿ ಮಾಡಿಕೊಳ್ಳಬೇಕು.) ಐದಾರು ವಾರ ಕಳೆದಿರಬೇಕು. ಒಂದು ಸಂಜೆ ಚಿಕಿತ್ಸಾಲಯ ಮುಚ್ಚಿ ಹೊರಬಂದರೆ, ಅವರು ಗೇಟಿನ ಕಂಬಕ್ಕೆ ಒರಗಿ ನಿಂತಿದ್ದಾರೆ. ಒಂದು ಶೂ ಬಿಚ್ಚಿ ಕೈಯಲ್ಲಿ ಹಿಡಿದಿದ್ದಾರೆ, ಅದರೊಳಗಿನ ಕಲ್ಲು ಕೊಡವುವುದನ್ನೂ ಮರೆತಿದ್ದಾರೆ. ಕಿವಿಯಲ್ಲಿ ಕಥೆ. ಮಾತನಾಡಿಸಬೇಡಿ ಎಂದು ನನಗೆ ಕೈಸನ್ನೆ ಮಾಡಿದರು. ಆ ಅಧ್ಯಾಯ ಮುಗಿಯುವವರೆಗೆ ನಾನೂ ಅಲ್ಲೇ ಕಾದೆ. ನಂತರ ಅವರು ಶೂ ಹಾಕಿಕೊಂಡು ಇನ್ನೊಂದು ಸುತ್ತಿಗೆ ಹೊರಟರು.

ಈಗ ತೂಕಕ್ಕೆ ಬರುತ್ತೇನೆ. ಇಲ್ಲಿ ನಿಮ್ಮ ಲೆಕ್ಕದ ತಲೆ ಉಪಯೋಗಕ್ಕೆ ಬರುತ್ತದೆ. ನಿಮ್ಮ ತೂಕದವರು ಅರ್ಧ ಗಂಟೆ ನಡೆದರೆ ಖರ್ಚಾಗುವುದು ಸುಮಾರು 150 ಕ್ಯಾಲರಿ. ಒಂದು ಕಿಲೊ ಕೊಬ್ಬಿನಲ್ಲಿ ಕೂಡಿಟ್ಟಿರುವುದು ಸುಮಾರು 7,700. ಭಾಗಿಸಿ ನೋಡಿ: ಒಂದು ಕಿಲೊ ಇಳಿಯಲು ಐವತ್ತಕ್ಕೂ ಹೆಚ್ಚು ದಿನ ನಡೆಯಬೇಕು, ಅದೂ ಊಟದಲ್ಲಿ ಒಂದು ತುತ್ತೂ ಹೆಚ್ಚಾಗದಿದ್ದರೆ. ಒಂದು ಡಬ್ಬಿ ಸಿಹಿ ಪಾನೀಯ ಕುಡಿದರೆ ಆ ಅರ್ಧ ಗಂಟೆಯ ಗಳಿಕೆ ಅಲ್ಲಿಗೇ ತೀರಿತು. ನೀವು 19 ದಿನ ಜಿಮ್‌ನಲ್ಲಿ ಬೆವರು ಸುರಿಸಿ, ತಕ್ಕಡಿ ಹತ್ತಿ, ಮುಳ್ಳು ಅಲ್ಲೇ ನಿಂತದ್ದನ್ನು ಕಂಡು ಮನಸ್ಸು ಮುರಿದುಕೊಂಡಿರಬೇಕು. ಈ ಲೆಕ್ಕವನ್ನು ಮೊದಲ ದಿನವೇ ಯಾರಾದರೂ ನಿಮಗೆ ಹೇಳಬೇಕಿತ್ತು. ಹೇಳಲಿಲ್ಲ ಎಂಬುದು ನನಗೆ ಸಂಕಟದ ವಿಷಯ.

ನಡಿಗೆಗೂ ತಕ್ಕಡಿಗೂ ಗಂಟು ಹಾಕಬೇಡಿ. ತೂಕ ಇಳಿಸುವ ಹೊಣೆಯನ್ನು ಊಟದ ತಟ್ಟೆಗೆ ವಹಿಸಿ. ಸಿಹಿ ಪಾನೀಯಗಳನ್ನು ನಿಲ್ಲಿಸಿ. ಕಾರ್ಖಾನೆಯಲ್ಲಿ ತಯಾರಾಗಿ ಪೊಟ್ಟಣದಲ್ಲಿ ಬರುವ ತಿನಿಸುಗಳನ್ನು ಕಚೇರಿಯ ಮೇಜಿನ ಡ್ರಾಯರ್‌ನಿಂದ ಹೊರಗಿಡಿ. ಅಮೆರಿಕದ ಕೆವಿನ್ ಹಾಲ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಮಂದಿಗೆ ಎರಡು ವಾರ ಅತಿಯಾಗಿ ಸಂಸ್ಕರಿಸಿದ ಆಹಾರ, ಇನ್ನೆರಡು ವಾರ ಸಂಸ್ಕರಿಸದ ಆಹಾರ ಕೊಟ್ಟು ಬೇಕಾದಷ್ಟು ತಿನ್ನಲು ಬಿಟ್ಟರು. ಸಂಸ್ಕರಿಸಿದ ಆಹಾರದ ದಿನಗಳಲ್ಲಿ ಅವರು ತಮಗರಿವಿಲ್ಲದೆಯೇ ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದಿದ್ದರು. ಆ 500ನ್ನು ನಡೆದು ಕರಗಿಸಲು ನಿಮಗೆ ಒಂದೂವರೆ ಗಂಟೆಗೂ ಹೆಚ್ಚು ಬೇಕು.

ಹಾಗಾದರೆ ನಡೆಯುವುದು ಏಕೆ ಎಂದು ಕೇಳುತ್ತೀರಿ. ಸಕ್ಕರೆಗಾಗಿ, ನಿದ್ರೆಗಾಗಿ, ತೂಕ ಇಳಿಯುವಾಗ ಸ್ನಾಯು ಕರಗಿಹೋಗದಿರಲಿ ಎಂದು, ಇಳಿದ ತೂಕ ಮತ್ತೆ ಏರದಿರಲಿ ಎಂದು. ಅಮೆರಿಕದಲ್ಲಿ ನಿಮ್ಮಂತೆ ಗಡಿಯಲ್ಲಿದ್ದ 3,234 ಜನರನ್ನು ಒಳಗೊಂಡ ದೊಡ್ಡ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ತೂಕದಲ್ಲಿ ಶೇಕಡಾ 7 ಇಳಿಸಿ, ವಾರಕ್ಕೆ 150 ನಿಮಿಷ ನಡೆಯಿರಿ ಎಂಬ ಗುರಿ ಪಡೆದ ಗುಂಪಿನಲ್ಲಿ ಮಧುಮೇಹಕ್ಕೆ ತುತ್ತಾದವರು, ಔಷಧಿಯ ಅಂಶವಿಲ್ಲದ ಹುಸಿಮಾತ್ರೆ ಪಡೆದ ಗುಂಪಿಗಿಂತ ಶೇಕಡಾ 58ರಷ್ಟು ಕಡಿಮೆ. ನಿಮ್ಮ ಲೆಕ್ಕದಲ್ಲಿ ಶೇಕಡಾ 7 ಎಂದರೆ ಆರು ಕಿಲೊ. 84ರಿಂದ 78. ಕಾಲೇಜು ದಿನಗಳ ತೂಕಕ್ಕೆ ಮರಳುವ ಕನಸನ್ನು ಸದ್ಯಕ್ಕೆ ಬದಿಗಿಡಿ. ಆರು ಕಿಲೊ ಸಾಕು, ಅದಕ್ಕೆ ಆರು ತಿಂಗಳು ತೆಗೆದುಕೊಳ್ಳಿ.

ತೂಕವನ್ನು ವಾರಕ್ಕೊಮ್ಮೆ, ಒಂದೇ ದಿನ, ಬೆಳಗ್ಗೆ ನೋಡಿದರೆ ಸಾಕು. ಉಪ್ಪು, ನೀರು, ತಿಂಗಳ ಮುಟ್ಟು ಇವುಗಳಿಂದಲೇ ಒಂದೆರಡು ಕಿಲೊ ಏರಿಳಿಯುತ್ತದೆ. ಥೈರಾಯ್ಡ್ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ, ಬೇರೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದರಿಂದ ತೂಕ ಏರುತ್ತಿದೆಯೇ ಎಂದು ವೈದ್ಯರನ್ನು ಕೇಳಿ. ನಡೆಯುವಾಗ ಎದೆ ಹಿಡಿದಂತಾದರೆ ಅಥವಾ ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ, ವೈದ್ಯರ ಬಳಿ ಹೋಗಿ.

ನಡುವೆ ಒಂದು ದಿನ ತಪ್ಪುತ್ತದೆ, ಖಂಡಿತ ತಪ್ಪುತ್ತದೆ. ಹೊಸ ರೂಢಿ ಮೈಗೂಡಲು ಎಷ್ಟು ದಿನ ಬೇಕೆಂದು ಲಂಡನ್ನಿನಲ್ಲಿ 96 ಜನರನ್ನು ಗಮನಿಸಿದಾಗ ಮಧ್ಯಮ ಲೆಕ್ಕ 66 ದಿನ ಬಂತು. ಕೆಲವರಿಗೆ 18 ದಿನ, ಕೆಲವರಿಗೆ 254 ದಿನ ಎಂಬ ಅಂದಾಜು. ಒಂದು ದಿನ ತಪ್ಪಿದ್ದರಿಂದ ರೂಢಿಯೇನೂ ಕೆಡಲಿಲ್ಲ. 19ನೆಯ ದಿನಕ್ಕೆ ನೀವು ಬಿಟ್ಟಾಗ ಅದಿನ್ನೂ ಎಳೆಯ ಸಸಿಯಾಗಿತ್ತು.

ಪ್ರಶ್ನೆ: ದಿನಕ್ಕೆ 10,000 ಹೆಜ್ಜೆ ಕಡ್ಡಾಯವೇ? ನನಗೆ 63 ವರ್ಷ, ಎಷ್ಟು ಪ್ರಯತ್ನಿಸಿದರೂ 4,500 ದಾಟುವುದಿಲ್ಲ. ರಾತ್ರಿ ಮೊಬೈಲ್ ನೋಡಿದರೆ ಬೇಸರವಾಗುತ್ತದೆ.
– ನಿವೃತ್ತ ಶಿಕ್ಷಕಿ

ಉತ್ತರ: ಆ ಸಂಖ್ಯೆ ಹುಟ್ಟಿದ್ದು ವೈದ್ಯರ ಕೋಣೆಯಲ್ಲಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಸಾಧನಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬ ಅರ್ಥದ ಹೆಸರಿಟ್ಟಿತು, ಅಲ್ಲಿಂದ ಅದು ಲೋಕಕ್ಕೆಲ್ಲ ಹಬ್ಬಿತು. 2019ರಲ್ಲಿ ಸುಮಾರು 16,700 ಹಿರಿಯ ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ ದಿನಕ್ಕೆ ಸುಮಾರು 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ 2,700 ಹೆಜ್ಜೆಯವರಿಗಿಂತ ಸಾಕಷ್ಟು ಕಡಿಮೆಯಿತ್ತು. 7,500ರ ನಂತರ ಹೆಚ್ಚಿನ ಅನುಕೂಲ ಕಾಣಲಿಲ್ಲ. ನೀವು ಆಗಲೇ ಒಳ್ಳೆಯ ಜಾಗದಲ್ಲಿದ್ದೀರಿ. ಮುಂದಿನ ತಿಂಗಳು 5,000 ಮಾಡಿ, ಮೊಬೈಲ್‌ನಲ್ಲಿರುವ ಗುರಿಯನ್ನೂ ಅಷ್ಟಕ್ಕೇ ಬದಲಿಸಿ.

ಪ್ರಶ್ನೆ: ನನಗೆ ಹುರುಪು ಬರಲಿ ಎಂದು ನನ್ನ ಪತಿ ಎಲ್ಲರೆದುರು ನನ್ನ ಮೈಯ ಬಗ್ಗೆ ಮಾತನಾಡುತ್ತಾರೆ. ಆಮೇಲೆ ನಾನು ಹೆಚ್ಚೇ ತಿನ್ನುತ್ತೇನೆ. ಏನು ಹೇಳಲಿ?
– ಓದುಗರೊಬ್ಬರು

ಉತ್ತರ: ಅವಮಾನದಿಂದ ತೂಕ ಇಳಿದದ್ದನ್ನು 26 ವರ್ಷಗಳಲ್ಲಿ ನಾನು ಒಮ್ಮೆಯೂ ನೋಡಿಲ್ಲ. ಅತ್ತು, ಬಾಗಿಲು ಹಾಕಿಕೊಂಡು, ಸಿಕ್ಕಿದ್ದನ್ನು ತಿಂದವರನ್ನು ಬಹಳ ನೋಡಿದ್ದೇನೆ. ನಿಮ್ಮದು ತಪ್ಪಲ್ಲ. ನಿಮ್ಮ ಪತಿಗೆ ನಿಜವಾಗಿಯೂ ನಿಮ್ಮ ಆರೋಗ್ಯದ ಕಾಳಜಿಯಿದ್ದರೆ, ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ನಿಮ್ಮ ಜೊತೆ, ನಿಮ್ಮ ವೇಗದಲ್ಲಿ ನಡೆಯಲಿ. ತೂಕದ ಮಾತು ಆ ಹತ್ತು ನಿಮಿಷದಲ್ಲಿ ಬೇಡ. ಹೇಳಲು ಸಂಕೋಚವಾದರೆ ಈ ಪುಟವನ್ನು ಮಡಿಸಿ ಅವರ ಕನ್ನಡಕದ ಕೆಳಗೆ ಇಡಿ.