‘ಜೆರುಸಲೇಮಾ’ ಕುಣಿತದ ಹಾಡು ಅಲ್ವಾ, ಅದನ್ನು ಭಕ್ತಿಗೀತೆ ಅನ್ನುವುದೇಕೆ?

ಎರಡೂ ಹೌದು. 2019ರ ಕೊನೆಯಲ್ಲಿ ಬಂದ ದಕ್ಷಿಣ ಆಫ್ರಿಕಾದ ಹಾಡಿದು. ಸಂಗೀತ ಲಿಂಪೊಪೊ ಪ್ರಾಂತ್ಯದ ಮಾಸ್ಟರ್ ಕೆಜಿ ಅವರದು, ದನಿ ನೊಮ್ಸೆಬೊ ಜಿಕೋಡೆ ಅವರದು. ಭಾಷೆ ಜುಲು.

ಬೀಟ್ ಪಕ್ಕಕ್ಕಿಟ್ಟು ಮಾತಷ್ಟೇ ಕೇಳಿದರೆ ಅದು ಪೂರ್ತಿ ಮೊರೆ. ಜೆರುಸಲೇಮ್ ನನ್ನ ಮನೆ, ನನ್ನನ್ನು ಕಾಪಾಡು, ಜೊತೆಗೆ ನಡೆ, ಇಲ್ಲೇ ಬಿಟ್ಟು ಹೋಗಬೇಡ ಅಂತ ಹಾಡುವವರು ಬೇಡುತ್ತಾರೆ. ನನ್ನ ಜಾಗ ಇದಲ್ಲ, ನನ್ನ ರಾಜ್ಯ ಇದಲ್ಲ ಅಂತಲೂ ಹೇಳುತ್ತಾರೆ. ಹಾಗಾಗಿ ಇದು ಇಸ್ರೇಲಿನ ಊರಿನ ಮಾತಲ್ಲ, ಬೈಬಲಿನ ಕೊನೆಯ ಪುಸ್ತಕದಲ್ಲಿ ಬರುವ ಸ್ವರ್ಗದ ಪಟ್ಟಣದ ಮಾತು ಅನ್ನುವುದು ನನ್ನ ಓದು. ಕಾಪಾಡು ಅಂದರೆ ಬರೀ ಅಪಾಯದಿಂದಲ್ಲ, ಆ ಮನೆ ಮುಟ್ಟುವ ತನಕ.

ಇಷ್ಟು ಗಂಭೀರ ಮಾತಿಗೆ ಕುಣಿಯುವುದಾ ಅಂತ ನಮಗೆ ಅನ್ನಿಸಬಹುದು. ದಕ್ಷಿಣ ಆಫ್ರಿಕಾದ ಎಷ್ಟೋ ಚರ್ಚುಗಳಲ್ಲಿ ಹಾಡಿದರೆ ಮೈಯೂ ಆಡಲೇಬೇಕು, ಭಜನೆಗೆ ತಾಳ ಇದ್ದ ಹಾಗೆ.

2020ರಲ್ಲಿ ಅಂಗೋಲಾದ ತಂಡವೊಂದು ಊಟದ ತಟ್ಟೆ ಹಿಡಿದೇ ಇದಕ್ಕೆ ಹೆಜ್ಜೆ ಹಾಕಿದ ವಿಡಿಯೊ ಹಬ್ಬಿತು. ಕೊರೊನಾ ಕಾಲದಲ್ಲಿ ಎಷ್ಟೋ ದೇಶಗಳ ಆಸ್ಪತ್ರೆ ಸಿಬ್ಬಂದಿ ಅದೇ ಹೆಜ್ಜೆ ಹಾಕಿದರು. ಆ ವರ್ಷ ಸೆಪ್ಟೆಂಬರ್ 24ರಂದು ದಕ್ಷಿಣ ಆಫ್ರಿಕಾದ ಪರಂಪರೆ ದಿನಕ್ಕೆ ಎಲ್ಲರೂ ಕುಣಿಯಿರಿ ಅಂತ ಆ ದೇಶದ ಅಧ್ಯಕ್ಷ ರಮಫೋಸಾ ಅವರೇ ಕರೆ ಕೊಟ್ಟಿದ್ದರು.