ಸವಳಾದ ಎರೆ ಭೂಮಿ: ಜಿಪ್ಸಂ ಯಾವಾಗ, ಬಸಿಗಾಲುವೆ ಯಾವಾಗ?

ಪ್ರಶ್ನೆ: ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ನಮ್ಮ ನಾಲ್ಕು ಎಕರೆ ಎರೆ ಭೂಮಿ ತಗ್ಗಿನಲ್ಲಿದೆ. ಬೇಸಿಗೆಯಲ್ಲಿ ಮಣ್ಣಿನ ಮೇಲೆ ಬಿಳಿ ಉಪ್ಪು ಕಾಣಿಸುತ್ತದೆ. ಭತ್ತದ ಪೈರು ಅಲ್ಲಲ್ಲಿ ಸುಟ್ಟಂತಾಗಿ ಗದ್ದೆ ಬೋಳು ಬೀಳುತ್ತಿದೆ. ಗೊಬ್ಬರದ ಅಂಗಡಿಯವರು ಜಿಪ್ಸಂ ಹಾಕಲು ಹೇಳುತ್ತಾರೆ. ಹಾಕಬಹುದೇ?
— ಓದುಗರು, ಸಿಂಧನೂರು ತಾಲ್ಲೂಕು

ಉತ್ತರ: ಮಣ್ಣು ಪರೀಕ್ಷೆಯ ವರದಿ ಕೈಗೆ ಬರುವವರೆಗೆ ಜಿಪ್ಸಂ ಕೊಳ್ಳಬೇಡಿ. ಬರಿಯ ಸವಳು ಮಣ್ಣಿಗೆ ಜಿಪ್ಸಂ ಹಾಕಿದರೆ ಹಣ ವ್ಯರ್ಥವಾಗುವುದೇ ಹೊರತು ಉಪ್ಪು ಕಡಿಮೆಯಾಗದು. ನೀರಿನಿಂದ ಪೂರ್ತಿ ನೆನೆಸಿದ ಮಣ್ಣಿನಿಂದ ತೆಗೆದ ದ್ರಾವಣದ ವಿದ್ಯುತ್ ವಾಹಕತೆ, ಎಂದರೆ ಉಪ್ಪಿನ ಅಳತೆ, ಮೀಟರಿಗೆ 4 ಡೆಸಿಸೀಮನ್ಸ್ ಮೀರಿ, ರಸಸಾರ (ಪಿಎಚ್) 8.5ಕ್ಕಿಂತ ಕಡಿಮೆಯಿದ್ದು, ವಿನಿಮಯ ಸೋಡಿಯಂ (ಜೇಡಿಗೆ ಅಂಟಿಕೊಂಡ ಸೋಡಿಯಂನ ಪಾಲು) ಶೇ 15ರೊಳಗಿದ್ದರೆ ಅದು ಸವಳು, ರಸಸಾರ 8.5 ಮೀರಿ, ಸೋಡಿಯಂ ಶೇ 15ಕ್ಕಿಂತ ಹೆಚ್ಚಿದ್ದರೆ ಕ್ಷಾರ. ಕ್ಷಾರ ಮಣ್ಣಿನಲ್ಲಿ ಮಾತ್ರ ಜಿಪ್ಸಂನ ಕ್ಯಾಲ್ಸಿಯಂ, ಜೇಡಿಗೆ ಅಂಟಿಕೊಂಡ ಸೋಡಿಯಂ ಅನ್ನು ಹೊರದೂಡುತ್ತದೆ. ಮನೆಯಲ್ಲಿಯೇ ಒಂದು ಸೂಚನೆ ಪಡೆಯಬಹುದು: ಒಣ ಹೆಂಟೆಯ ಚೂರೊಂದನ್ನು ಗಾಜಿನ ಲೋಟದ ಮಳೆನೀರಿನಲ್ಲಿ ಅಲುಗಾಡಿಸದೆ ಇಡಿ, ಅದರ ಸುತ್ತ ಹಾಲು ಕದಡಿದಂತೆ ಮಬ್ಬು ಹರಡಿದರೆ ಕ್ಷಾರದ ಶಂಕೆ, ನೀರು ತಿಳಿಯಾಗಿಯೇ ಉಳಿದರೆ ಸವಳಿನ ಸಾಧ್ಯತೆ ಹೆಚ್ಚು. ಇದು ಪ್ರಯೋಗಾಲಯದ ಪರೀಕ್ಷೆಗೆ ಬದಲಿಯಲ್ಲ. ಬೋಳು ಬಿದ್ದ ಜಾಗದ ಮಣ್ಣನ್ನೂ ಚೆನ್ನಾಗಿ ಬೆಳೆಯುವ ಜಾಗದ ಮಣ್ಣನ್ನೂ ಬೆರೆಸದೆ, ಬೇರೆ ಬೇರೆ ಆಳದಿಂದ ತೆಗೆದು ಕಳುಹಿಸಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಂಥ ಮಣ್ಣಿನ ಮೇಲೆಯೇ ಬಹುಕಾಲದಿಂದ ಕೆಲಸ ನಡೆದಿದೆ.

ನೀವು ಬರೆದ ಲಕ್ಷಣಗಳನ್ನು ನೋಡಿದರೆ ಉಪ್ಪಿಗಿಂತ ಮೊದಲು ಜವಳನ್ನು, ಎಂದರೆ ನೆಲದೊಳಗೆ ನೀರು ನಿಲ್ಲುವುದನ್ನು, ಗಮನಿಸಬೇಕು. ತುಂಗಭದ್ರಾ ಯೋಜನೆಯನ್ನು ರೂಪಿಸಿದಾಗ ಅಚ್ಚುಕಟ್ಟಿನ ಬಹುಭಾಗಕ್ಕೆ ಜೋಳ, ಹತ್ತಿಯಂತಹ ಕಡಿಮೆ ನೀರಿನ ಬೆಳೆಗಳನ್ನು ಗೊತ್ತುಪಡಿಸಲಾಗಿತ್ತು. ರೈತರು ಆರಿಸಿಕೊಂಡದ್ದು ಭತ್ತ. ಮೇಲ್ಭಾಗದ ಗದ್ದೆಗಳಿಂದ ಬಸಿದ ನೀರು ತಗ್ಗಿಗೆ ಬಂದು ಸೇರುತ್ತದೆ, ಅಂತರ್ಜಲ ನೆಲದಿಂದ ಒಂದೆರಡು ಮೀಟರ್ ಆಳಕ್ಕೆ ಏರುತ್ತದೆ, ಬೇಸಿಗೆಯ ಬಿಸಿಲಿಗೆ ಆ ನೀರು ಮೇಲೆದ್ದು ಆವಿಯಾಗಿ ಉಪ್ಪನ್ನು ಮಾತ್ರ ಉಳಿಸುತ್ತದೆ. ನೀರಿಗೆ ಹೊರದಾರಿಯಿಲ್ಲದೆ ಮಾಡುವ ಯಾವ ಉಪಚಾರವೂ ಹೆಚ್ಚು ಕಾಲ ನಿಲ್ಲದು. ಹೊಲದ ತಗ್ಗಿನ ಅಂಚಿನಲ್ಲಿ ಬಸಿಗಾಲುವೆ ತೋಡಿ ಹಳ್ಳಕ್ಕೆ ಸೇರಿಸಿ. ಎರೆಯಲ್ಲಿ ನೀರು ಬಸಿಯುವುದೇ ನಿಧಾನವಾದ್ದರಿಂದ, ಸಾಧ್ಯವಾದರೆ ಸುಮಾರು ಒಂದು ಮೀಟರ್ ಆಳದಲ್ಲಿ ತೂತುಳ್ಳ ಪೈಪುಗಳನ್ನು ಹೂಳುವುದು ಉತ್ತಮ. ಒಬ್ಬರೇ ಮಾಡಿದರೆ ನೀರು ಹೋಗಬೇಕಾದದ್ದು ಪಕ್ಕದವರ ಹೊಲಕ್ಕೆ, ಅಲ್ಲಿಂದ ಜಗಳ. ಆದ್ದರಿಂದ ನೆರೆಯವರನ್ನು ಒಟ್ಟುಗೂಡಿಸಿಕೊಂಡೇ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿಗೆ ಹೋಗಿ.

ಹೊರದಾರಿಯಾದ ಮೇಲೆ ಮಡಿಗಳನ್ನು ಸಮತಟ್ಟು ಮಾಡಿ, ಬದು ಕಟ್ಟಿ, ಒಳ್ಳೆಯ ನೀರು ನಿಲ್ಲಿಸಿ ಬಸಿಯಲು ಬಿಡಿ. ಉಪ್ಪು ನೀರಿನೊಡನೆ ಕೆಳಗಿಳಿಯುತ್ತದೆ. ಅನಂತರ ಎಕರೆಗೆ ಸುಮಾರು 20 ಕೆ.ಜಿ. ಡಯಂಚ ಎಂಬ ಹಸಿರೆಲೆ ಗೊಬ್ಬರದ ಬೀಜ ಬಿತ್ತಿ, 45 ದಿನಗಳ ಹೊತ್ತಿಗೆ, ಕಾಂಡ ಗಟ್ಟಿಯಾಗುವ ಮೊದಲೇ ಮಣ್ಣಿಗೆ ಸೇರಿಸಿ. ಡಯಂಚ ಉಪ್ಪನ್ನೂ ನಿಂತ ನೀರನ್ನೂ ತಾಳುತ್ತದೆ. ಅದು ಕೊಳೆಯುವಾಗ ಹೊರಬರುವ ಇಂಗಾಲದ ಡೈ ಆಕ್ಸೈಡ್, ಎರೆ ಮಣ್ಣಿನಲ್ಲಿ ಸಹಜವಾಗಿಯೇ ಇರುವ ಸುಣ್ಣವನ್ನು ಕರಗಿಸಿ ಕ್ಯಾಲ್ಸಿಯಂ ಬಿಡಿಸುತ್ತದೆ. ಅಷ್ಟರಮಟ್ಟಿಗೆ ಜಿಪ್ಸಂನ ಕೆಲಸವನ್ನು ಮಣ್ಣೇ ಮಾಡಿಕೊಳ್ಳುತ್ತದೆ. ವರದಿ ಕ್ಷಾರವೆಂದೇ ತೋರಿಸಿದರೆ, ಪ್ರಯೋಗಾಲಯ ಸೂಚಿಸಿದ ಪ್ರಮಾಣದ ಜಿಪ್ಸಂ ಅನ್ನು ಮೇಲ್ಮಣ್ಣಿನಲ್ಲಿ ಬೆರೆಸಿ ನೀರು ನಿಲ್ಲಿಸಿ. ಮೊದಲ ವರ್ಷಗಳಲ್ಲಿ ಕಡಲೆ, ಹೆಸರು ಬೇಡ. ನೀರು ನಿಲ್ಲದ ಭಾಗದಲ್ಲಿ ಹತ್ತಿ, ಜೋಳ ಬರುತ್ತವೆ.

ಪ್ರಶ್ನೆ: ಉಳುಮೆಗೆ ಬಾರದಷ್ಟು ಕೆಟ್ಟ ಮೂಲೆಯಲ್ಲಿ ಬಳ್ಳಾರಿ ಜಾಲಿ ಹಾಕಬಹುದೇ?
— ಓದುಗರು, ಗಂಗಾವತಿ

ಉತ್ತರ: ಬದುಕುವುದೇನೋ ಬದುಕುತ್ತದೆ, ಆದರೆ ದನಕುರಿಗಳು ಕಾಯಿ ತಿಂದು ಬೀಜವನ್ನು ಊರಿಡೀ ಹರಡಿದ ಮೇಲೆ ಅದನ್ನು ಬೇರುಸಹಿತ ಕೀಳುವುದು ಎಷ್ಟು ಕಷ್ಟವೆಂಬುದು ನಿಮ್ಮ ಭಾಗದವರಿಗೆ ಹೇಳಬೇಕಾಗಿಲ್ಲ. ಅದರ ಬದಲು ಕರಿಜಾಲಿ, ಹೊಂಗೆ ನೆಡಿ. ನೀರು ನಿಲ್ಲುವ ಕಡೆ ಗುಂಡಿಯ ಬದಲು ಎತ್ತರದ ಏರಿಯ ಮೇಲೆ ಸಸಿ ಇಟ್ಟು, ನಡುವಿನ ಜಾಗಕ್ಕೆ ಪ್ಯಾರಾ ಹುಲ್ಲು ಹಾಕಿದರೆ ನೆಲ ಮುಚ್ಚುತ್ತದೆ, ಮೇವೂ ಸಿಗುತ್ತದೆ. ಸಸಿಗಳು ಬೇರೂರುವವರೆಗೆ ಮೇಯಲು ಬಿಡಬೇಡಿ. ಹುಲ್ಲನ್ನು ಕೊಯ್ದು ಹಾಕಿ.